ಚೆಂಡು ತಾನೇ ವಾಪಸ್ ಬರಬೇಕು: ಮಕ್ಕಳು ಒಬ್ಬರೇ ಆಡಿ ಕಲಿಯಲು ಹಿತ್ತಲ ಆಟಗಳು

ಜೊತೆಗೆ ಯಾರೂ ಇಲ್ಲದೆ ಚೆಂಡು ಹಿಡಿದು ಹಿತ್ತಲಿಗೆ ಹೋದ ಮಗುವನ್ನು ಕಿಟಕಿಯಿಂದ ಸುಮ್ಮನೆ ನೋಡಿ. ಒಂದು ಸಲ ಎಸೆಯುತ್ತದೆ, ಚೆಂಡು ಉರುಳಿ ಗಿಡದ ಬುಡ ಸೇರುತ್ತದೆ. ಹೋಗಿ ಹೆಕ್ಕಿ ತರುತ್ತದೆ. ಮತ್ತೊಂದು ಎಸೆತ, ಈ ಸಲ ಬೇಲಿಯ ಮೂಲೆ. ನಾಲ್ಕನೆಯ ಸಲಕ್ಕೆ ಚೆಂಡು ಅಲ್ಲೇ ಉಳಿಯುತ್ತದೆ, ಮಗು ಒಳಗೆ ಬಂದು "ಬೋರಾಯ್ತು" ಅನ್ನುತ್ತದೆ. ಇದಕ್ಕೆ ಆಟದಲ್ಲಿ ಆಸಕ್ತಿಯೇ ಇಲ್ಲ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಪಾಪ, ಅದಕ್ಕೆ ಬೇಸರ ತರಿಸಿದ್ದು ಹೆಕ್ಕುವ ಕೆಲಸ. ಹತ್ತು ನಿಮಿಷದಲ್ಲಿ ಎಸೆದದ್ದು ನಾಲ್ಕು ಸಲ, ಬಗ್ಗಿ ಹುಡುಕಿದ್ದೇ ಉಳಿದ ಹೊತ್ತೆಲ್ಲ.

ಹಾಗಾಗಿ ಒಬ್ಬರೇ ಆಡುವ ಚೆಂಡಾಟಕ್ಕೆ ನನ್ನದು ಒಂದೇ ದೊಡ್ಡ ಷರತ್ತು: ಚೆಂಡು ತಾನಾಗಿ ಆಡುವವರ ಬಳಿಗೆ ಮರಳಬೇಕು. ಹಗ್ಗ ಅದನ್ನು ಮರಳಿಸಬಹುದು, ಗೋಡೆ ಮರಳಿಸಬಹುದು, ಓರೆಯಾಗಿ ನಿಲ್ಲಿಸಿದ ಹಲಗೆ ಮರಳಿಸಬಹುದು, ಜೋತುಬಿಟ್ಟ ಹಳೆ ಬೆಡ್‌ಶೀಟೂ ಮರಳಿಸುತ್ತದೆ. ಜೊತೆಗೊಂದು ಚಿಕ್ಕ ಷರತ್ತು: ಸರಿಯಾಯಿತೋ ತಪ್ಪಿತೋ ಎನ್ನುವುದು ಮಗುವಿಗೇ ಗೊತ್ತಾಗುವಂತಿರಬೇಕು, ಹೇಳಲು ಪಕ್ಕದಲ್ಲಿ ದೊಡ್ಡವರು ನಿಂತಿರಬೇಕಾಗಬಾರದು. ಕೆಳಗಿನ ಆಟಗಳೆಲ್ಲ ಈ ಎರಡು ಷರತ್ತಿಗೆ ಒಳಪಟ್ಟವು.

ಇದರಲ್ಲಿ ಹೊಸತೇನೂ ಇಲ್ಲ. ಆಸ್ಟ್ರೇಲಿಯಾದ ಕ್ರಿಕೆಟಿಗ ಡಾನ್ ಬ್ರಾಡ್‌ಮನ್ ಹುಡುಗನಾಗಿದ್ದಾಗ ಬೌರಲ್‌ನ ತಮ್ಮ ಮನೆಯ ಹಿಂದೆ ಒಬ್ಬನೇ ಆಡುತ್ತಿದ್ದ ಆಟ ಇಂಥದೇ. ನೀರಿನ ಟ್ಯಾಂಕ್ ಕೂರಿಸಿದ್ದ ದುಂಡನೆಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆಯುವುದು, ಅದು ಸಿಡಿದು ಬರುವಷ್ಟರಲ್ಲಿ ಬ್ಯಾಟಿನ ಬದಲು ಒಂದು ಸ್ಟಂಪಿನಿಂದ ಹೊಡೆಯುವುದು. ಕಟ್ಟೆ ದುಂಡಗಿದ್ದುದರಿಂದ ಚೆಂಡು ಯಾವ ಕಡೆಗೆ ಬರುತ್ತದೆ ಎಂದು ಎಸೆದವನಿಗೂ ಮೊದಲೇ ತಿಳಿಯುತ್ತಿರಲಿಲ್ಲ. ಟೆಸ್ಟ್ ಕ್ರಿಕೆಟ್‌ನಲ್ಲಿ ಅವರ ಬ್ಯಾಟಿಂಗ್ ಸರಾಸರಿ 99.94ಕ್ಕೆ ಆ ಕಟ್ಟೆಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಚೆಂಡನ್ನು ಮರಳಿಸುತ್ತಿದ್ದದ್ದು ಕಟ್ಟೆ, ತಪ್ಪು ಒಪ್ಪು ಹೇಳುತ್ತಿದ್ದದ್ದು ಸ್ಟಂಪು. ಎರಡು ಷರತ್ತೂ ಅಲ್ಲಿವೆ. ಗಾಲ್ಫ್ ಚೆಂಡನ್ನು ಮಾತ್ರ ಅನುಕರಿಸಬೇಡಿ. ಗಟ್ಟಿ ಗೋಡೆಗೆ ಬಡಿದ ಗಾಲ್ಫ್ ಚೆಂಡು ಕಣ್ಣಿಗೋ ಹಲ್ಲಿಗೋ ತಾಗಿದರೆ ಆಟ ಅಲ್ಲಿಗೇ ಮುಗಿಯುತ್ತದೆ.

ಮೊದಲು ಚೆಂಡಿನ ಮಾತು

ಅಂಗಡಿಯಲ್ಲಿ ಕಂಡ ಒಳ್ಳೆಯ ಚೆಂಡನ್ನು ತಂದು ಕೊಟ್ಟರೆ ಅರ್ಧ ಕೆಲಸ ಆಯಿತು ಅಂದುಕೊಳ್ಳುತ್ತೇವೆ. ಚಿಕ್ಕ ಮಕ್ಕಳ ವಿಷಯದಲ್ಲಿ ಇದು ಉಲ್ಟಾ. ಒಳ್ಳೆಯ ಚೆಂಡು ಎಂದರೆ ಚೆನ್ನಾಗಿ ಪುಟಿಯುವ ಚೆಂಡು, ಚೆನ್ನಾಗಿ ಪುಟಿಯುವುದು ಎಂದರೆ ಬೇಗ ಕೈತಪ್ಪಿ ಓಡುವುದು. ಮೂರು ನಾಲ್ಕು ವರ್ಷದ ಮಗು ಚೆಂಡು ಹಿಡಿಯುವುದನ್ನು ಗಮನಿಸಿದ್ದೀರಾ? ಎರಡೂ ತೋಳು ಮುಂದೆ ಚಾಚಿ, ಚೆಂಡನ್ನು ಎದೆಗೆ ಅಪ್ಪಿಕೊಳ್ಳುತ್ತದೆ, ಎಷ್ಟೋ ಸಲ ಕಣ್ಣು ಮುಚ್ಚಿ ಮುಖ ಆ ಕಡೆ ತಿರುಗಿಸುತ್ತದೆ. ಬರೀ ಅಂಗೈಯಲ್ಲಿ ಹಿಡಿಯುವುದು ಅದರ ನಂತರದ ಹಂತ. ಅಂಥ ಮಗುವಿಗೆ ಮೊದಲು ಬೇಕಾದದ್ದು ನಿಧಾನಕ್ಕೆ ಬರುವ, ತಾಗಿದರೆ ನೋಯದ ಚೆಂಡು.

ಹಳೆ ಸಾಕ್ಸ್ ಚೆಂಡು ಇದಕ್ಕೆ ಸರಿ. ಒಂದು ಉದ್ದ ಸಾಕ್ಸಿನ ತುದಿಗೆ ಹರಿದ ಬನಿಯನ್, ಚಿಂದಿ ಬಟ್ಟೆ ಬಿಗಿಯಾಗಿ ತುರುಕಿ. ಮುಷ್ಟಿಗಿಂತ ತುಸು ದೊಡ್ಡ ಉಂಡೆಯಾದ ಮೇಲೆ ಸಾಕ್ಸಿನ ಕುತ್ತಿಗೆ ತಿರುಚಿ, ಉಳಿದ ಭಾಗವನ್ನು ಮಗುಚಿ ಅದೇ ಉಂಡೆಯ ಮೇಲೆ ಎಳೆಯಿರಿ. ಮತ್ತೆ ತಿರುಚಿ, ಮತ್ತೆ ಮಗುಚಿ. ಸಾಕ್ಸ್ ಮುಗಿಯುವವರೆಗೆ ಹೀಗೆ ಮಾಡಿ ಕೊನೆಯ ಅಂಚನ್ನು ನಾಲ್ಕು ಹೊಲಿಗೆ ಹಾಕಿ ಭದ್ರಪಡಿಸಿ. ಕಾಗದ ತುಂಬಿದರೂ ಆಗುತ್ತದೆ, ಆದರೆ ಒಮ್ಮೆ ಒದ್ದೆಯಾದರೆ ಅದು ಕಲ್ಲು. ಇಂಥವು ಐದಾರು ಇರಲಿ. ಬಣ್ಣ ಗಾಢವಾಗಿರಲಿ, ಬಿಳಿ ಗೋಡೆಯ ಮುಂದೆ ಬಿಳಿ ಚೆಂಡು, ಹುಲ್ಲಿನ ಮೇಲೆ ಹಸಿರು ಚೆಂಡು ಕೊಟ್ಟು "ಸರಿಯಾಗಿ ನೋಡು" ಅಂದರೆ ಮಗು ಏನು ಮಾಡಬೇಕು?

ಇನ್ನೂ ಚಿಕ್ಕವರಿಗೆ ಬಲೂನು. ಗಾಳಿಯಲ್ಲಿ ತೇಲುತ್ತ ಇಳಿಯುವುದರಿಂದ ಕಣ್ಣು ಅದನ್ನು ಹಿಂಬಾಲಿಸಲು ಹೊತ್ತು ಸಿಗುತ್ತದೆ. ಒಡೆದ ಬಲೂನಿನ ಚೂರುಗಳನ್ನು ಮಾತ್ರ ಆ ಕ್ಷಣವೇ ಎತ್ತಿಬಿಡಿ, ಬಾಯಿಗೆ ಹೋದರೆ ಉಸಿರುಗಟ್ಟಿಸುವ ವಸ್ತು ಅದು.

ಆರೇಳು ವರ್ಷ ದಾಟಿದವರಿಗೆ ಟೆನಿಸ್ ಚೆಂಡು ಎಲ್ಲಕ್ಕೂ ಆಗುತ್ತದೆ: ಸುಮಾರು ಆರೂವರೆ ಸೆಂಟಿಮೀಟರ್ ಅಗಲ, 56ರಿಂದ 59 ಗ್ರಾಂ ತೂಕ, ತಾಗಿದರೆ ಚುರ್ ಅನ್ನುತ್ತದೆ, ಗಾಯವಾಗುವುದು ಅಪರೂಪ. ಪಂದ್ಯಕ್ಕೆ ಬಳಸುವ ಟೆನಿಸ್ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು 135ರಿಂದ 147 ಸೆಂಟಿಮೀಟರ್ ಪುಟಿಯಬೇಕೆಂಬ ನಿಯಮವಿದೆ, ಅಂದರೆ ಅರ್ಧಕ್ಕಿಂತ ತುಸು ಮೇಲೆ. ನಿಮ್ಮ ಮನೆಯ ಹಳೆ ಚೆಂಡನ್ನು ಹೀಗೆಯೇ ಪರೀಕ್ಷಿಸಿ. ಮಗುವಿನ ತಲೆಯ ಎತ್ತರದಿಂದ ಬಿಡಿ, ಅದರ ಸೊಂಟದ ಹತ್ತಿರವೂ ಏರದಿದ್ದರೆ ಚೆಂಡು ಸತ್ತಿದೆ. ಸತ್ತ ಚೆಂಡನ್ನು ಎಸೆಯಬೇಡಿ. ತೂಗು ಚೆಂಡಿಗೆ, ಹೊಸದಾಗಿ ಗೋಡೆಯಾಟ ಕಲಿಯುವವರಿಗೆ ಜೀವಂತ ಚೆಂಡಿಗಿಂತ ಅದೇ ವಾಸಿ.

ತೂಗು ಚೆಂಡು

ಒಂದೇ ಒಂದು ಆಟ ಕಟ್ಟಿಕೊಡಲು ಪುರುಸೊತ್ತಿದ್ದರೆ ಇದನ್ನೇ ಕಟ್ಟಿ. ಹಗ್ಗಕ್ಕೆ ಕಟ್ಟಿದ ಚೆಂಡು ಎಲ್ಲಿಗೂ ಓಡಿಹೋಗುವುದಿಲ್ಲ, ಗೋಡೆ ಬೇಕಿಲ್ಲ, ಸದ್ದೂ ಇಲ್ಲ.

1. ಗಟ್ಟಿ ಕೊಂಬೆ, ತೊಲೆ ಅಥವಾ ಎರಡು ಕಂಬಗಳ ನಡುವಿನ ಅಡ್ಡಗೋಲು ಹುಡುಕಿ. ಹಗ್ಗ ಎಷ್ಟು ಉದ್ದವೋ ಅಷ್ಟು ಜಾಗ, ಮೇಲೆ ಇನ್ನೊಂದು ಮೀಟರ್, ಸುತ್ತಲೂ ಖಾಲಿ ಇರಬೇಕು. ನಿಮ್ಮ ತೂಕವನ್ನೇ ಹಾಕಿ ಜಗ್ಗಿ ನೋಡಿ, ಕೊಂಬೆ ಲಟಕ್ ಅಂದರೆ ಬೇರೆ ಕಡೆ ಹೋಗಿ.

2. ಚೆಂಡನ್ನು ಸಾಕ್ಸಿನ ಬೆರಳ ತುದಿಗೆ ತಳ್ಳಿ, ಅದರ ಮೇಲೆಯೇ ಬಿಗಿಯಾಗಿ ಗಂಟು ಹಾಕಿ. ಟೆನಿಸ್ ಚೆಂಡಿಗೆ ತೂತು ಕೊರೆದು ದಾರ ಪೋಣಿಸುವವರಿದ್ದಾರೆ. ನಾನೂ ಮಾಡಿದ್ದೆ. ಎರಡೇ ದಿನಕ್ಕೆ ತೂತು ಅಗಲವಾಗಿ ಚೆಂಡು ಕಳಚಿ ಪಕ್ಕದ ಮನೆಯ ತಾರಸಿ ಸೇರಿತು. ಫುಟ್‌ಬಾಲಿನಂಥ ದೊಡ್ಡ ಚೆಂಡಾದರೆ ತರಕಾರಿ ತುಂಬಿ ಬರುವ ಬಲೆ ಚೀಲ ಸಾಕು.

3. ಕೊಂಬೆಗೆ ನೇರವಾಗಿ ಚೆಂಡಿನ ಹಗ್ಗ ಕಟ್ಟಬೇಡಿ. ಕೊಂಬೆಗೆ ಒಂದು ಗಿಡ್ಡ ಹಗ್ಗದ ಕುಣಿಕೆ ಕಾಯಂ ಆಗಿರಲಿ. ಚೆಂಡಿನ ಹಗ್ಗವನ್ನು ಆ ಕುಣಿಕೆಯೊಳಗಿಂದ ಹಾಯಿಸಿ, ಇನ್ನೊಂದು ತುದಿಯನ್ನು ಕಾಂಡಕ್ಕೋ ಕಂಬಕ್ಕೋ ದೊಡ್ಡವರ ಕೈಗೆ ಮಾತ್ರ ಎಟುಕುವ ಎತ್ತರದಲ್ಲಿ ಕಟ್ಟಿ. ಬಾವಿಯ ಹಗ್ಗದಂತೆ ಎಳೆದರೆ ಚೆಂಡು ಮೇಲೆ, ಬಿಟ್ಟರೆ ಕೆಳಗೆ. ದಿನಕ್ಕೆ ಮೂರು ಸಲ ಎತ್ತರ ಬದಲಿಸುತ್ತೀರಿ, ಪ್ರತಿ ಸಲ ಏಣಿ ಹತ್ತಲಾಗುವುದಿಲ್ಲ.

4. ಸಾಕ್ಸಿಗೂ ಹಗ್ಗಕ್ಕೂ ನಡುವೆ ಒಂದು ದುರ್ಬಲ ಕೊಂಡಿ ಇರಲಿ, ಅಂದರೆ ಹೊಲಿಗೆ ದಾರದ ಕೆಲವು ಸುತ್ತು. ಚೆಂಡಿನ ಹೊಡೆತ ತಾಳಬೇಕು, ಮಗು ಜೋತುಬಿದ್ದರೆ ಹರಿಯಬೇಕು. ಕಟ್ಟಿದ ಮೇಲೆ ನೀವೇ ಜಗ್ಗಿ, ಹರಿಯುತ್ತದೆಯೇ ಎಂದು ನೋಡಿಕೊಳ್ಳಿ.

5. ಆಟ ಮುಗಿದ ಮೇಲೆ ಹಗ್ಗವನ್ನು ಮೇಲಕ್ಕೆಳೆದು ಕಟ್ಟಿಬಿಡಿ. ಮಕ್ಕಳ ಕುತ್ತಿಗೆಯ ಎತ್ತರದಲ್ಲಿ ಯಾವ ಹಗ್ಗವೂ, ಯಾವ ಕುಣಿಕೆಯೂ ಜೋತಾಡುತ್ತಿರಬಾರದು. ಇದರಲ್ಲಿ ರಾಜಿ ಬೇಡ. ಐದು ವರ್ಷದೊಳಗಿನವರು ನಿಮ್ಮ ಕಣ್ಣೆದುರೇ ಆಡಲಿ.

ಈಗ ಉದ್ದದ ವಿಚಾರ. ತೂಗುವ ಚೆಂಡು ಎಷ್ಟು ಬೇಗ ಮರಳುತ್ತದೆ ಎನ್ನುವುದು ಅದರ ತೂಕಕ್ಕೆ ಸಂಬಂಧಿಸಿದ್ದಲ್ಲ, ಹಗ್ಗದ ಉದ್ದಕ್ಕೆ ಸಂಬಂಧಿಸಿದ್ದು. ಅರ್ಧ ಮೀಟರ್ ಹಗ್ಗದ ಚೆಂಡು ಹೋಗಿ ಬರಲು ಸುಮಾರು 1.4 ಸೆಕೆಂಡ್, ಒಂದು ಮೀಟರ್ ಹಗ್ಗದ್ದು 2 ಸೆಕೆಂಡ್, ಎರಡು ಮೀಟರ್ ಹಗ್ಗದ್ದು 2.8 ಸೆಕೆಂಡ್. ಹಗ್ಗದ ಉದ್ದ ಅಂದರೆ ಮೇಲಿನ ಕುಣಿಕೆಯಿಂದ ಚೆಂಡಿನವರೆಗೆ. ಕೇಳಲು ಸಣ್ಣ ವ್ಯತ್ಯಾಸ, ಆದರೆ ಬ್ಯಾಟು ಹಿಂದಕ್ಕೆತ್ತಿ ಕಾಲು ಸರಿಮಾಡಿಕೊಳ್ಳಬೇಕಾದ ಆರು ವರ್ಷದ ಮಗುವಿಗೆ ಆ ಒಂದು ಸೆಕೆಂಡೇ ಸರ್ವಸ್ವ. ಆದ್ದರಿಂದ ಚಿಕ್ಕವರಿಗೆ ಎತ್ತರದ ಕೊಂಬೆ, ಉದ್ದ ಹಗ್ಗ. ಕೈ ಕುದುರಿದ ಮೇಲೆ ತಗ್ಗಿನ ಕೊಂಬೆಗೆ, ಗಿಡ್ಡ ಹಗ್ಗಕ್ಕೆ ಬನ್ನಿ.

ಆಡುವುದು ಹೇಗೆ? ಬ್ಯಾಟು ಹಿಡಿದವರಿಗೆ ಚೆಂಡು ಮೊಣಕಾಲಿನ ಎತ್ತರಕ್ಕಿರಲಿ. ನೇರವಾಗಿ ಮೆತ್ತಗೆ ಹೊಡೆಯಬೇಕು, ಮರಳಿ ಬಂದಾಗ ಮತ್ತೆ ಹೊಡೆಯಬೇಕು, ಎಷ್ಟು ಸಲ ತಪ್ಪದೆ ಆಯಿತು ಎಂದು ಎಣಿಸಬೇಕು. ಈ ಆಟದ ಸೊಗಸು ಇರುವುದು ಇಲ್ಲಿ: ಬ್ಯಾಟು ನೇರ ಬಂದಿದ್ದರೆ ಚೆಂಡು ಹೋದ ದಾರಿಯಲ್ಲೇ ವಾಪಸ್ ಬರುತ್ತದೆ. ಬ್ಯಾಟು ಅಡ್ಡಾದಿಡ್ಡಿ ಬೀಸಿದರೆ ಚೆಂಡು ಗಾಣದೆತ್ತಿನ ಹಾಗೆ ಸುತ್ತು ಹೊಡೆಯತೊಡಗುತ್ತದೆ. ತಪ್ಪು ತೋರಿಸಲು ಯಾರೂ ಬೇಕಿಲ್ಲ. ಸುತ್ತತೊಡಗಿದ ಚೆಂಡನ್ನು ಕೈಯಿಂದ ಹಿಡಿದು ನಿಲ್ಲಿಸಿ ಎಣಿಕೆಯನ್ನು ಸೊನ್ನೆಯಿಂದ ಶುರುಮಾಡಬೇಕು, ಅದೇ ದಂಡ. ನನ್ನ ಮಗಳು ಮೊದಲ ವಾರ ಮೂರರ ಮೇಲೆ ಹೋಗಲಿಲ್ಲ. ಎರಡನೆಯ ವಾರ, ನಾನು ಒಳಗಿದ್ದಾಗ, "ಹದಿನೇಳು!" ಎಂದು ಕೂಗಿದ್ದು ಕೇಳಿಸಿತು.

ರ‍್ಯಾಕೆಟ್‌ನವರಿಗೆ ಸೊಂಟದ ಎತ್ತರ. ವಾಲಿಬಾಲ್, ಬ್ಯಾಸ್ಕೆಟ್‌ಬಾಲ್ ಇಷ್ಟಪಡುವವರಿಗೆ ಕೈ ಎತ್ತಿದರೆ ಬೆರಳ ತುದಿ ತಾಗುವುದಕ್ಕಿಂತ ಒಂದು ಗೇಣು ಮೇಲೆ, ಹಾರಿ ಮುಟ್ಟಲಿ. ಕಾಲಿನಲ್ಲಿ ಆಡುವವರಿಗೆ ಬಲೆ ಚೀಲದ ಫುಟ್‌ಬಾಲ್ ನೆಲದಿಂದ ನಾಲ್ಕು ಬೆರಳು ಮೇಲೆ, ಪಾದದ ಒಳಬದಿಯಿಂದ ಒಮ್ಮೆ ಬಲ, ಒಮ್ಮೆ ಎಡ. ತೂಗು ಚೆಂಡನ್ನು ತಲೆಯಿಂದ ಗುದ್ದುವ ಆಟ ಮಾತ್ರ ಹೇಳಿಕೊಡಬೇಡಿ. ಅಮೆರಿಕದ ಸಾಕರ್ ಒಕ್ಕೂಟ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರು ಚೆಂಡನ್ನು ತಲೆಯಿಂದ ಹೊಡೆಯುವುದನ್ನು 2015ರಲ್ಲೇ ಬೇಡ ಎಂದಿದೆ. ಒಬ್ಬರೇ ಇರುವಾಗ ಎಷ್ಟು ಸಲ ಗುದ್ದಿಕೊಂಡರು ಎಂದು ಲೆಕ್ಕವಿಡುವವರೂ ಇರುವುದಿಲ್ಲ.

ಗೋಡೆ

ಗೋಡೆಯಷ್ಟು ತಾಳ್ಮೆಯ ಜೊತೆಗಾರ ಇಲ್ಲ. ಆದರೆ ಎಲ್ಲ ಗೋಡೆಯೂ ಆಗಿಬರುವುದಿಲ್ಲ. ಎರಡೂ ಕಡೆ ಎರಡು ಮೀಟರ್‌ವರೆಗೆ ಕಿಟಕಿ ಇರಬಾರದು, ಗೋಡೆಯ ಆಚೆ ಯಾರೂ ಮಲಗುವ ಕೋಣೆ ಇರಬಾರದು, ಮುಂದಿನ ನೆಲ ಸಮನಾಗಿರಬೇಕು. ಗಾರೆ ಉದುರುವ ಗೋಡೆಯಾದರೆ ಹಳೆಯ ಪ್ಲೈವುಡ್ ತುಂಡೊಂದನ್ನು ಒರಗಿಸಿ ಅಲುಗದಂತೆ ಕಟ್ಟಿ.

ಸೀಮೆಸುಣ್ಣ ತೆಗೆದುಕೊಳ್ಳಿ. ನೆಲದ ಮೇಲೆ ಗೋಡೆಯಿಂದ ಎರಡು ಮೀಟರ್ ದೂರದಲ್ಲಿ ಒಂದು ಗೆರೆ, ಅದರ ಹಿಂದೆ ಅರ್ಧರ್ಧ ಮೀಟರ್‌ಗೆ ಒಂದೊಂದರಂತೆ ಇನ್ನೂ ಐದು ಗೆರೆ ಎಳೆಯಿರಿ. ಗೋಡೆಯ ಮೇಲೆ ಮಗುವಿನ ಎದೆಯ ಎತ್ತರದಲ್ಲಿ ಅರ್ಧ ಮೀಟರ್ ಚೌಕ, ಅದರೊಳಗೆ ಅಂಗೈಯಗಲದ ಇನ್ನೊಂದು ಚೌಕ. ಟೆನಿಸ್ ರ‍್ಯಾಕೆಟ್ ಹಿಡಿಯುವ ಮಗುವಾದರೆ 91 ಸೆಂಟಿಮೀಟರ್ ಎತ್ತರದಲ್ಲಿ ಒಂದು ಅಡ್ಡಗೆರೆಯೂ ಇರಲಿ, ಟೆನಿಸ್ ಅಂಗಣದಲ್ಲಿ ನೆಟ್ಟಿನ ನಡುಭಾಗದ ಎತ್ತರ ಅದೇ. ಫುಟ್‌ಬಾಲಿಗೆ ನೆಲಕ್ಕೆ ತಾಗಿದಂತೆ ಒಂದು ಪೆಟ್ಟಿಗೆ. ಇಷ್ಟು ಗೆರೆ ಸಾಕು, ಜಾಸ್ತಿ ಬರೆದರೆ ಗೋಡೆ ರಂಗೋಲಿಯಾಗುತ್ತದೆ, ಮಗುವಿಗೆ ಗುರಿ ಯಾವುದೆಂದೇ ತಿಳಿಯುವುದಿಲ್ಲ.

ಮೊದಲ ಆಟ ಸರಳ: ಚೌಕಕ್ಕೆ ಎಸೆ, ನೆಲಕ್ಕೆ ಒಂದು ಪುಟಿತ ಬಿದ್ದ ಮೇಲೆ ಎರಡು ಕೈಯಲ್ಲಿ ಹಿಡಿ. ಅದು ಕೈಗೆ ಹತ್ತಿದ ಮೇಲೆ ಪುಟಿಯುವ ಮೊದಲೇ ಹಿಡಿ. ಆಮೇಲೆ ಒಂದೇ ಕೈ. ಆಮೇಲೆ ಎಡಗೈಯಲ್ಲಿ ಎಸೆದು ಬಲಗೈಯಲ್ಲಿ ಹಿಡಿ. ಚೆಂಡು ಹೋಗಿ ಬರುವಷ್ಟರಲ್ಲಿ ಒಂದು ಚಪ್ಪಾಳೆ, ಎರಡು ಚಪ್ಪಾಳೆ, ಬೆನ್ನ ಹಿಂದೆ ಚಪ್ಪಾಳೆ, ಒಂದು ಸುತ್ತು ತಿರುಗಿ ಹಿಡಿಯುವುದು. ಈ ಚಪ್ಪಾಳೆ ಬರೀ ಮೋಜಿಗೆ ಅಂದುಕೊಳ್ಳಬೇಡಿ. ಚಪ್ಪಾಳೆಗೆ ಹೋದ ಕೈ ಚೆಂಡು ಬರುವ ಜಾಗಕ್ಕೆ ಸಕಾಲದಲ್ಲಿ ಮರಳಬೇಕಾದರೆ, ಚೆಂಡು ಎಲ್ಲಿಗೆ ಬರುತ್ತದೆ ಎಂದು ಕಣ್ಣು ಮೊದಲೇ ಅಂದಾಜು ಮಾಡಿರಬೇಕು. ಕ್ಯಾಚು ಹಿಡಿಯುವ ವಿದ್ಯೆಯ ತಿರುಳು ಆ ಅಂದಾಜು.

ಇದಕ್ಕೆ ಒಗ್ಗಿದವರಿಗೆ "ಗಡಿಯಾರ". ಗೋಡೆಯ ಮೇಲೆ ದೊಡ್ಡ ವೃತ್ತ ಬರೆದು ಸುತ್ತ 1ರಿಂದ 6ರವರೆಗೆ ಅಂಕಿ ಬರೆಯಿರಿ. ಕ್ರಮವಾಗಿ ಒಂದೊಂದನ್ನೂ ಚೆಂಡಿನಿಂದ ತಾಗಿಸುತ್ತ ಹೋಗಬೇಕು, ಗುರಿ ತಪ್ಪಿದರೆ ಅದೇ ಅಂಕಿ ಮತ್ತೆ, ಕ್ಯಾಚು ಬಿಟ್ಟರೆ ಹಿಂದಿನ ಅಂಕಿಗೆ ಇಳಿ. ಆರು ಮುಟ್ಟಲು ಎಷ್ಟು ಎಸೆತ ಬೇಕಾಯಿತು ಎಂಬುದೇ ಆ ದಿನದ ದಾಖಲೆ. ಒದ್ದೆ ಮಾಡಿದ ಟೆನಿಸ್ ಚೆಂಡಿನಲ್ಲಿ ಆಡಿದರೆ ತಾಗಿದ ಜಾಗದಲ್ಲಿ ಗುರುತು ಮೂಡುತ್ತದೆ, ತಾಗಿತೋ ಇಲ್ಲವೋ ಎಂಬ ಅನುಮಾನವೂ ಇರುವುದಿಲ್ಲ.

ಮೊಣಕೈ ಹೀಗಿಡು, ಹೆಗಲು ಹಾಗೆ ತಿರುಗಿಸು ಎಂದು ಹೇಳುವ ಆಸೆ ಬಂದಾಗ ನಾಲಗೆ ಕಚ್ಚಿಕೊಳ್ಳಿ. ಚೆಂಡು ಕೆಳಗೆ ಬೀಳುತ್ತಿದ್ದರೆ "ಚೌಕದ ಮೇಲಿನ ಗೆರೆಗೆ ತಾಗಿಸು ನೋಡೋಣ" ಅಂದರೆ ಸಾಕು. ಮೈ ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಎಂಟಾದರೆ ಹಿಂದೆ, ನಾಲ್ಕಾದರೆ ಮುಂದೆ

ನೆಲದ ಮೇಲಿನ ಆ ಗೆರೆಗಳು ಇರುವುದು ಇದಕ್ಕಾಗಿ. ಒಂದು ಸರದಿ ಅಂದರೆ ಹತ್ತು ಚೆಂಡು. ಹತ್ತರಲ್ಲಿ ಎಂಟು ಅಥವಾ ಹೆಚ್ಚು ಸರಿಯಾದರೆ ಒಂದು ಗೆರೆ ಹಿಂದೆ ಹೋಗು. ನಾಲ್ಕು ಅಥವಾ ಕಡಿಮೆ ಆದರೆ ಒಂದು ಗೆರೆ ಮುಂದೆ ಬಾ. ನಡುವೆ ಇದ್ದರೆ ಅಲ್ಲೇ ನಿಲ್ಲು. ಈ ಲೆಕ್ಕ ಯಾವ ಪುಸ್ತಕದ್ದೂ ಅಲ್ಲ, ಮಕ್ಕಳ ಮುಖ ನೋಡುತ್ತ ನಾನು ಹಾಕಿಕೊಂಡದ್ದು. ಹತ್ತಕ್ಕೆ ಹತ್ತು ಬರುತ್ತಿದ್ದರೆ ಆಕಳಿಕೆ, ಹತ್ತಕ್ಕೆ ಎರಡು ಬರುತ್ತಿದ್ದರೆ ಅಳು. ನಿಯಮ ಒಮ್ಮೆ ಗೊತ್ತಾಯಿತು ಅಂದರೆ ಆಟ ಎಷ್ಟು ಕಷ್ಟವಿರಬೇಕು ಎಂಬುದನ್ನು ಮಗುವೇ ನಿರ್ಧರಿಸುತ್ತದೆ.

ಗೆರೆ ಬದಲಿಸುವುದರಲ್ಲಿ ಇನ್ನೊಂದು ಲಾಭವಿದೆ. ಕೆರ್ ಮತ್ತು ಬೂತ್ ಎಂಬ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನಗೆ ಬಹಳ ಇಷ್ಟ. ಎಂಟು ವರ್ಷದ ಮಕ್ಕಳು ಕಾಳಿನ ಚೀಲವನ್ನು ಗುರಿಗೆ ಎಸೆಯಬೇಕಿತ್ತು. ಒಂದು ಗುಂಪು ಮೂರು ಅಡಿ ದೂರದ ಗುರಿಗೇ ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಎರಡು ಅಡಿ ಮತ್ತು ನಾಲ್ಕು ಅಡಿಯ ಗುರಿಗಳಿಗೆ ಅಭ್ಯಾಸ ಮಾಡಿತು, ಮೂರು ಅಡಿಯದನ್ನು ಮುಟ್ಟಲೇ ಇಲ್ಲ. ಕೊನೆಯ ಪರೀಕ್ಷೆ ಮೂರು ಅಡಿಯದು. ಗೆದ್ದದ್ದು ಎರಡನೆಯ ಗುಂಪು! ಒಂದೇ ಜಾಗದಿಂದ ನೂರು ಸಲ ಎಸೆದವರಿಗೆ ಆ ಒಂದು ಎಸೆತ ಬರುತ್ತದೆ, ದೂರ ಬದಲಿಸುತ್ತ ಎಸೆದವರಿಗೆ ದೂರವನ್ನು ಅಳೆಯಲು ಬರುತ್ತದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಹಾಗಾಗಿ ಒಂದು ಗೆರೆಯಲ್ಲಿ ಮಗು ಪಳಗಿತು ಅನ್ನಿಸಿದಾಗ ಆಟ ತಿರುಗಿಸಿ: ಪ್ರತಿ ಎಸೆತಕ್ಕೂ ಬೇರೆ ಗೆರೆ. ಅಂಕ ಕಡಿಮೆಯಾಗುತ್ತದೆ, ಮಗು ಗೊಣಗುತ್ತದೆ, ಗೊಣಗಲಿ ಬಿಡಿ.

ಓರೆ ಹಲಗೆ

ಗೋಡೆಗೆ ಎಸೆದ ಚೆಂಡು ಸಾಮಾನ್ಯವಾಗಿ ಕೆಳಮುಖವಾಗಿ ಬರುತ್ತದೆ. ಎತ್ತರದ ಕ್ಯಾಚು ಬೇಕೆಂದರೆ ಹಲಗೆ ಬೇಕು. ಹಳೆ ಮೇಜಿನ ಮೇಲ್ಭಾಗವೋ ಕಪಾಟಿನ ಬಾಗಿಲೋ ಇದ್ದರೆ ಚೆನ್ನ, ಮುಕ್ಕಾಲು ಮೀಟರ್ ಅಗಲವಿದ್ದರೆ ಸಾಕು. ಅದನ್ನು ಇಟ್ಟಿಗೆಗಳಿಗೆ ಒರಗಿಸಿ, ಬುಡಕ್ಕೆ ಮುಂದೆಯೂ ಹಿಂದೆಯೂ ಮರಳು ಚೀಲ ಇಟ್ಟು ಜಾರದಂತೆ ಮಾಡಿ. ಮೊಳೆ, ಸಿಬಿರು ಇದ್ದರೆ ಮೊದಲೇ ತೆಗೆದು ಉಜ್ಜಿ.

ಎಷ್ಟು ಒರಗಿಸಬೇಕು ಎನ್ನುವುದಕ್ಕೆ ಒಂದು ಸುಲಭ ಲೆಕ್ಕ: ನೆಟ್ಟಗೆ ನಿಂತ ಸ್ಥಿತಿಯಿಂದ ಹಲಗೆ ಎಷ್ಟು ಡಿಗ್ರಿ ಹಿಂದಕ್ಕೆ ವಾಲಿದೆಯೋ ಅದರ ಎರಡರಷ್ಟು ಡಿಗ್ರಿ ಮೇಲಕ್ಕೆ ಚೆಂಡು ಏಳುತ್ತದೆ, ಎಸೆತ ನೆಲಕ್ಕೆ ಸಮಾನಾಂತರವಾಗಿದ್ದರೆ. 20 ಡಿಗ್ರಿ ವಾಲಿಸಿದರೆ ಚೆಂಡು ಸುಮಾರು 40 ಡಿಗ್ರಿಯಲ್ಲಿ ಎದ್ದು ಎಸೆದವರ ಕಡೆಗೆ ಬರುತ್ತದೆ. 45 ಡಿಗ್ರಿ ವಾಲಿಸಿದಿರೋ, ನೇರ ಆಕಾಶಕ್ಕೆ ಹೋಗಿ ಹಲಗೆಯ ಮೇಲೆಯೇ ಬೀಳುತ್ತದೆ. ಚೆಂಡಿನ ತಿರುಗು, ಹಲಗೆಯ ಒರಟು ಈ ಲೆಕ್ಕವನ್ನು ಸ್ವಲ್ಪ ಕೆಡಿಸುತ್ತವೆ. ಹಿಂದಿನ ಇಟ್ಟಿಗೆಯನ್ನು ಒಂದು ಬೆರಳು ಸರಿಸಿ ಸರಿಸಿ ನಿಮ್ಮ ಮಗುವಿನ ಎಸೆತಕ್ಕೆ ಹೊಂದಿಸಿಕೊಳ್ಳಿ.

ಕ್ಯಾಚು ಸುಲಭವಾಗತೊಡಗಿದಾಗ ಹಲಗೆಗೆ ದಪ್ಪ ಹಗ್ಗವನ್ನು ಅಡ್ಡಡ್ಡ ನಾಲ್ಕಾರು ಸುತ್ತು ಬಿಗಿಯಿರಿ. ಹಗ್ಗಕ್ಕೆ ತಾಗಿದ ಚೆಂಡು ಎತ್ತಲೋ ಸಿಡಿಯುತ್ತದೆ. ಬ್ರಾಡ್‌ಮನ್ ಮನೆಯ ದುಂಡು ಕಟ್ಟೆ ಮಾಡುತ್ತಿದ್ದ ಕೆಲಸವನ್ನು ಈ ಹಗ್ಗ ಮಾಡುತ್ತದೆ. ಇಲ್ಲಿ ಸಾಕ್ಸ್ ಚೆಂಡು ಪ್ರಯೋಜನವಿಲ್ಲ, ಟೆನಿಸ್ ಚೆಂಡೇ ಆಗಬೇಕು.

ಬೆಡ್‌ಶೀಟ್ ಬಲೆ

ಜೋರಾಗಿ ಎಸೆಯಬೇಕು, ಜೋರಾಗಿ ಒದೆಯಬೇಕು ಅನ್ನಿಸುವ ದಿನಗಳೂ ಇರುತ್ತವೆ. ಅಂಥ ದಿನಕ್ಕೆ ಹಳೆಯ ಬೆಡ್‌ಶೀಟನ್ನು ಎರಡು ಕಂಬಗಳ ನಡುವೆ ಸಡಿಲವಾಗಿ ಜೋತುಬಿಡಿ. ಬಿಗಿಯಾಗಿ ಕಟ್ಟಿದರೆ ಚೆಂಡು ಚಿಮ್ಮಿ ಬರುತ್ತದೆ, ಸಡಿಲ ಬಿಟ್ಟರೆ ಬಟ್ಟೆ ಚೆಂಡಿನ ರಭಸವನ್ನೆಲ್ಲ ನುಂಗಿ ಕೆಳಗೆ ಜಾರಿಸುತ್ತದೆ. ಕೆಳ ಅಂಚನ್ನು ಆಡುವವರ ಕಡೆಗೆ ಎತ್ತಿ ಎರಡು ಗಿಡ್ಡ ಗೂಟಗಳಿಗೆ ಕಟ್ಟಿದರೆ ಜೋಳಿಗೆಯಂತೆ ಆಗುತ್ತದೆ. ಒಂದು ಗೂಟ ಇನ್ನೊಂದಕ್ಕಿಂತ ಒಂದು ಗೇಣು ಗಿಡ್ಡವಿರಲಿ. ಜೋಳಿಗೆಗೆ ಬಿದ್ದ ಚೆಂಡು ಉರುಳುತ್ತ ಆ ಮೂಲೆಗೆ ಬಂದು ಕೆಳಗಿಟ್ಟ ಬಕೆಟ್ಟಿಗೆ ಬೀಳುತ್ತದೆ. ಐದಾರು ಚೆಂಡು ಎಸೆದು ಒಮ್ಮೆಗೇ ಬಕೆಟ್ ತಂದುಕೊಂಡರಾಯಿತು.

ಗುರಿಗಾಗಿ ಬಟ್ಟೆಯ ಮುಂದೆ ಹಳೆ ಡಬ್ಬಿಗಳ ಮುಚ್ಚಳಗಳನ್ನು ಬೇರೆ ಬೇರೆ ಎತ್ತರಕ್ಕೆ ಗಿಡ್ಡ ದಾರದಲ್ಲಿ ನೇತುಹಾಕಿ. ತಾಗಿದರೆ ಠಣ್ ಅನ್ನುತ್ತದೆ. ಆ ಸದ್ದಿಗಾಗಿ ಮಕ್ಕಳು ಎಷ್ಟು ಹೊತ್ತು ಎಸೆಯುತ್ತಾರೆ ಎಂದು ನೀವೇ ನೋಡುತ್ತೀರಿ. ಅಂಚು ಹರಿತವಿಲ್ಲದ ಮುಚ್ಚಳವಷ್ಟೇ. ಎಸೆತದ ಆಟಗಳಲ್ಲಿ ತೋಳಿಗೆ ದಣಿವಾಗುವುದು ಮಗುವಿಗಿಂತ ನಿಮಗೆ ಮೊದಲು ಗೊತ್ತಾಗಬೇಕು. ಮೊಣಕೈ ತೂಗಿಬಿದ್ದು ಚೆಂಡು ಕೆಳಗೆ ಬೀಳತೊಡಗಿದರೆ ಇನ್ನೊಂದು ಕೈಗೆ ಬದಲಿಸಿ, ಇಲ್ಲವೇ ಕಾಲಿನ ಆಟಕ್ಕೆ ಕಳಿಸಿ.

ಕಾಲಿಗೆ

ಎಂಟು ವರ್ಷದೊಳಗಿನವರಿಗೆ 3ನೇ ಸೈಜಿನ ಫುಟ್‌ಬಾಲ್, ದೊಡ್ಡವರಾಡುವ 5ನೇ ಸೈಜಿನದು ಬೇಡ. ಅದರ ಸುತ್ತಳತೆ 68ರಿಂದ 70 ಸೆಂಟಿಮೀಟರ್, ಚಿಕ್ಕ ಪಾದದ ಮುಂದೆ ಅದು ಬಂಡೆ.

ಬಾಟಲಿ ಸಾಲನ್ನು ಎಲ್ಲರೂ ಬಲ್ಲರು: ಆರು ಪ್ಲಾಸ್ಟಿಕ್ ಬಾಟಲಿಗೆ ಕಾಲುಭಾಗ ನೀರೋ ಮರಳೋ ತುಂಬಿ ಮೀಟರ್‌ಗೊಂದರಂತೆ ನಿಲ್ಲಿಸಿ, ನಡುವೆ ಹಾವಿನಂತೆ ಚೆಂಡು ಸಾಗಿಸುವುದು. ನಾನು ಒಂದೇ ಒಂದು ಮಾತು ಸೇರಿಸುತ್ತೇನೆ. ಹೊತ್ತು ನೋಡಿ ವೇಗ ಅಳೆಯಬೇಡಿ, ಹೋಗಿ ಬರುವಷ್ಟರಲ್ಲಿ ಚೆಂಡಿಗೆ ಎಷ್ಟು ಸಲ ಕಾಲು ತಾಗಿತು ಎಂದು ಎಣಿಸಲು ಹೇಳಿ, ಹೆಚ್ಚು ತಾಗಿಸಿದವರೇ ಜಾಣರು. ವೇಗ ಅಳೆದರೆ ಮಕ್ಕಳು ಚೆಂಡನ್ನು ಮುಂದಕ್ಕೆ ಒದ್ದು ಬೆನ್ನಟ್ಟುತ್ತಾರೆ. ಸ್ಪರ್ಶ ಎಣಿಸಿದರೆ ಚೆಂಡು ಪಾದದ ಹತ್ತಿರವೇ ಉಳಿಯುತ್ತದೆ.

ಚೆಂಡನ್ನು ಕಾಲ ಮೇಲೆ ಪುಟಿಸುತ್ತ ನಿಲ್ಲಿಸಿಕೊಳ್ಳಬೇಕೆಂದು ಹಟ ಹಿಡಿದವರಿಗೆ ಬಲೆ ಚೀಲದ ದಾರವನ್ನು ಕೈಯಲ್ಲೇ ಹಿಡಿಸಿ. ಚೆಂಡು ನೆಲದಿಂದ ಒಂದು ಗೇಣು ಮೇಲೆ ತೂಗಲಿ. ಪಾದದಿಂದ ತಟ್ಟಿದ ಚೆಂಡು ಎಲ್ಲಿಗೂ ಹೋಗುವುದಿಲ್ಲ, ಇನ್ನೊಂದು ಪಾದಕ್ಕೆ ಮರಳುತ್ತದೆ. ದಾರವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು, ಮುಷ್ಟಿಯಲ್ಲಿ ಹಿಡಿಯಬೇಕು, ಎಡವಿದರೆ ಬಿಟ್ಟುಬಿಡಬಹುದು. ಹಿತ್ತಲಲ್ಲಿ ಸಣ್ಣ ದಿಣ್ಣೆಯಿದ್ದರೆ ನೀವು ಅದೃಷ್ಟವಂತರು: ಮೇಲಕ್ಕೆ ಒದ್ದ ಚೆಂಡು ಉರುಳಿ ಬರುತ್ತದೆ, ಅದನ್ನು ಪಾದದಡಿ ನಿಲ್ಲಿಸಿ ಮತ್ತೆ ಒದೆಯುವುದು, ಒಮ್ಮೆ ಬಲಗಾಲು, ಒಮ್ಮೆ ಎಡಗಾಲು.

ಯಾವ ಆಟವಾದರೂ ಹಿತ್ತಲ ಗೇಟು ಹಾಕಿರಲಿ. ಬೇಲಿ ದಾಟಿದ ಚೆಂಡಿನ ಹಿಂದೆ ಮಗು ರಸ್ತೆಗೆ ಓಡಬಾರದು, ಬಂದು ಹೇಳಬೇಕು ಎನ್ನುವುದನ್ನು ಮೊದಲ ದಿನವೇ ಗಟ್ಟಿ ಮಾಡಿ. ಮಗು ಅಂಜದೆ ಬಂದು ಹೇಳಬೇಕಾದರೆ ಚೆಂಡು ಕಳೆದದ್ದಕ್ಕೆ ಗದರಬಾರದು.

ಎಲ್ಲವನ್ನೂ ಒಂದೇ ದಿನ ಕಟ್ಟಬೇಡಿ. ತೂಗು ಚೆಂಡಿನಿಂದ ಶುರುಮಾಡಿ, ಹದಿನೈದು ದಿನ ಬಿಟ್ಟು ಗೋಡೆಗೆ ಗೆರೆ ಎಳೆಯಿರಿ. ಬಾಗಿಲ ಹಿಂದೆ ಒಂದು ಕಾಗದ ಅಂಟಿಸಿ ಪೆನ್ಸಿಲ್ ತೂಗುಹಾಕಿದರೆ ಮಕ್ಕಳು ತಮ್ಮ ದಾಖಲೆ ತಾವೇ ಬರೆದುಕೊಳ್ಳುತ್ತಾರೆ. ನಮ್ಮ ಮನೆಯ ಕಾಗದದಲ್ಲಿ ಈಗ ನಾನು ಹೇಳಿಕೊಡದ ಎರಡು ಆಟಗಳ ಹೆಸರಿವೆ. ಒಂದರಲ್ಲಿ ತೂಗು ಚೆಂಡನ್ನು ಹೊಡೆದು, ಅದು ಮರಳುವಷ್ಟರಲ್ಲಿ ನೆಲದ ಮೇಲಿನ ಚಪ್ಪಲಿ ಮುಟ್ಟಿ ಬರಬೇಕಂತೆ. ಇನ್ನೊಂದರ ನಿಯಮ ಕೇಳಿದೆ, "ನಿನಗೆ ಗೊತ್ತಾಗಲ್ಲ ಬಿಡಪ್ಪಾ" ಅಂದಳು ಮಗಳು.